ನಿರೀಕ್ಷಣೆ

"ನನ್ನ ಅಪ್ಪ," ಎಂದಳು ತೃಷಾ.

ಕತ್ತಲೆಯಲ್ಲಿ ಯಾರೋ ಕಿಸಕ್ಕೆಂದರು. ಪ್ರವೀತ್ ಮಾಷ್ ಬೆಳಿಗ್ಗೆ ಬೇಗ ಬಂದು ಎಂಟನೇ ಕ್ಲಾಸಿನ ಕಿಟಕಿಗಳಿಗೆಲ್ಲ ರಟ್ಟು ಬಡಿದಿದ್ದ, ಬಾಗಿಲ ಸಂದಿಗೆ ಗೋಣಿ ತುರುಕಿದ್ದ. ರಸ್ತೆಯ ಕಡೆಗಿದ್ದ ಒಂದು ರಟ್ಟಿನಲ್ಲಿ ಮಾತ್ರ ಪೆನ್ಸಿಲ್ ತೂರುವಷ್ಟು ತೂತು. ಅದರಿಂದ ಒಳಗೆ ಬಂದ ಬೆಳಕು ಎದುರಿನ ಬಿಳಿ ಗೋಡೆಯ ಮೇಲೆ ಹೊರಗಿನ ಲೋಕವನ್ನು ತಲೆಕೆಳಗು ಮಾಡಿ ತೋರಿಸುತ್ತಿತ್ತು. ಪೆರ್ಲದ ರಸ್ತೆ ಮೇಲೆ, ಆಕಾಶ ಕೆಳಗೆ, ನಡುವೆ ಬಾವಲಿಯ ಹಾಗೆ ನೇತುಬಿದ್ದ ಗೋಳಿಮರ, ಶಾಲೆಯ ಗೇಟು.

ಬೋರ್ಡಿನ ಮೇಲೆ ನಿರೀಕ್ಷಣೆ ಎಂದು ಬರೆದಿದ್ದ ಮಾಷ್, ಅದನ್ನು ಹೇಳಿ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದ. ಇದಕ್ಕೂ ಮೊದಲು ಸುಹೈಬ್ "ಪುತ್ತೂರು ಬಸ್ಸು" ಎಂದಿದ್ದ. ಬಸ್ಸು ಚಕ್ರ ಮೇಲೆ ಮಾಡಿಕೊಂಡು ಬಂತು. ರಶ್ಮಿತಾ "ಐಸ್‌ಕ್ಯಾಂಡಿಯವರು" ಎಂದಳು. ಸ್ವಲ್ಪ ಹೊತ್ತಿಗೆ ಅವರೂ ಸೈಕಲ್ ಸಮೇತ ಬುಡಮೇಲಾಗಿ ಹಾದುಹೋದರು. ಮಾಷಿಗೆ ಹಿಗ್ಗೋ ಹಿಗ್ಗು. ತಾನು ಈ ಕ್ಲಾಸಿಗೆ ಬಂದಂದಿನಿಂದ ಬಾಯಿ ಬಿಡದ ಮಕ್ಕಳು ಇಂದು ಪಟಪಟನೆ ಉತ್ತರ ಕೊಡುತ್ತಿದ್ದಾರಲ್ಲ! ನೋಡುವ ಮೊದಲೇ ಹೇಳುತ್ತಿದ್ದಾರೆ ಎಂಬುದು ಆ ಪುಣ್ಯಾತ್ಮನ ತಲೆಗೆ ಹೋಗಲೇ ಇಲ್ಲ.

"ಸರಿ ನೋಡಿ ಪರಯ್... ಹೇಳು ಮೋಳೆ. ಎಲ್ಲಿ ಅಪ್ಪ?" ಮಗಳೇ ಎನ್ನಲು ಮಾಷಿನ ಬಾಯಿಗೆ ಬರುತ್ತಿದ್ದುದು ಮಲಯಾಳದ ಮೋಳೆಯೇ.

"ಬರ್ತಾರೆ ಮಾಷೆ. ಈಗ ಬರ್ತಾರೆ."

ಗೋಡೆಯ ಅಂಚಿನಿಂದ ಒಬ್ಬ ಮನುಷ್ಯ ಬಂದ. ತಲೆಗೆ ಬೈರಾಸು ಸುತ್ತಿದ್ದ, ಮೈಯೆಲ್ಲ ಕೆಂಪುಕಲ್ಲಿನ ಹುಡಿ. ನಿಧಾನವಾಗಿ ಗೇಟಿನವರೆಗೆ ಬಂದು ಅಲ್ಲಿ ನಿಂತ. ಮಾಷ್ ಕೂಡಲೇ ಒಂದನ್ನು ಗಮನಿಸಿದ: ಮರ, ಗೇಟು, ರಸ್ತೆ ಎಲ್ಲವೂ ತಲೆಕೆಳಗು, ಈ ಮನುಷ್ಯ ಮಾತ್ರ ನೆಟ್ಟಗೆ. ಅವನ ತಲೆ ಮೇಲಿನ ರಸ್ತೆಗೆ ತಾಗಿತ್ತು. ಕಾಲ ಕೆಳಗೆ ಆಕಾಶವಿತ್ತು.

"ಅವರೊಬ್ಬರೇ ಸರಿ ನಿಂತಿದ್ದಾರೆ," ಎಂದಳು ತೃಷಾ. ದನಿಯಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ.

ಮಾಷ್ ಹೋಗಿ ರಟ್ಟನ್ನು ಕಿತ್ತ. ಬಿಸಿಲು ಒಳಗೆ ಸುರಿಯಿತು. ಹೊರಗೆ ರಸ್ತೆ ಖಾಲಿ. ಗೇಟಿನ ಬಳಿ ಒಂದು ನರಪಿಳ್ಳೆಯೂ ಇರಲಿಲ್ಲ.

* * *

ಸ್ಟಾಫ್ ರೂಮಿನಲ್ಲಿ ದೇವಕಿ ಟೀಚರ್ ಚಾದ ಗ್ಲಾಸನ್ನು ಕೆಳಗಿಟ್ಟು ನಕ್ಕರು. ಅವರು ಕನ್ನಡದ ಟೀಚರು. ಚಂದ್ರಗಿರಿ ಹೊಳೆಯ ಆಚೆ ಚೆರುವತ್ತೂರಿನಲ್ಲಿ ಹುಟ್ಟಿ, ಮಲಯಾಳದಲ್ಲೇ ಓದಿ, ಕೆಲವು ತಿಂಗಳ ಕನ್ನಡ ಕೋರ್ಸಿನ ಸರ್ಟಿಫಿಕೇಟು ಹಿಡಿದುಕೊಂಡು ಗಡಿನಾಡಿನ ಈ ಕನ್ನಡ ಶಾಲೆಗೆ ಬಂದ ಪ್ರವೀತನ ಮೇಲೆ ಇಡೀ ಊರಿಗೆ ಸಿಟ್ಟಿದ್ದರೂ ಅವರಿಗೆ ಮಾತ್ರ ಅಷ್ಟಿಷ್ಟು ಕನಿಕರವಿತ್ತು.

"ಬೋರ್ಡಿನಲ್ಲಿ ಎಂತ ಬರ್ದದ್ದು ನೀವು? ನಿರೀಕ್ಷಣೆಯಾ?"

"ಅದೇ. ಪ್ರಯೋಗದಲ್ಲಿ ನೋಡಿದ್ದು. ನಿರೀಕ್ಷಣಂ."

"ಅದು ನಿಮ್ಮ ಮಲಯಾಳದಲ್ಲಿ ಮಾರಾಯ್ರೆ. ನಮ್ಮಲ್ಲಿ ನಿರೀಕ್ಷೆ ಅಂದ್ರೆ ಕಾಯುದು. ಯಾರಾದ್ರೂ ಬರ್ತಾರೆ ಅಂತ ದಾರಿ ನೋಡುದು. ನೀವು ಹೇಳುದಕ್ಕೆ ವೀಕ್ಷಣೆ ಅಂತ ಬರೀಬೇಕು. ಪಾಪ, ನೀವು ಮಕ್ಕಳತ್ರ ಯಾರನ್ನು ಕಾಯ್ತಾ ಇದ್ದೀರಿ ಅಂತ ಕೇಳಿದ ಹಾಗಾಯ್ತು."

ಪ್ರವೀತ್ ನಗಲು ನೋಡಿದ, ಆಗಲಿಲ್ಲ. "ಆ ತೃಷಾ ಅಪ್ಪ ಅಂತ ಹೇಳಿದಳು."

ದೇವಕಿ ಟೀಚರ ನಗು ಅಲ್ಲಿಗೇ ನಿಂತಿತು. "ಜಯಂತ ತೀರಿಹೋಗಿ ಎರಡು ವರ್ಷ ಆಯ್ತಲ್ಲ. ಕಲ್ಲಿನ ಕೋರೆಯಲ್ಲಿ." ಆಮೇಲೆ ದನಿ ತಗ್ಗಿಸಿ ಬೇರೊಂದು ಮಾತು ತೆಗೆದರು. "ನೀವು ಸ್ವಲ್ಪ ಜಾಗ್ರತೆ ಇರಿ. ಸುಹೈಬನ ಅಪ್ಪ ಉಂಟಲ್ಲ, ಪಿ.ಟಿ.ಎ.ಯ ಪೊಕ್ಕರ್, ಅವರು ಕಂಪ್ಲೇಂಟ್ ಕೊಟ್ಟಾಗಿದೆ. ಮಾಷಿಗೆ ಕನ್ನಡ ಬರುದಿಲ್ಲ, ಮಕ್ಕಳಿಗೆ ತಪ್ಪು ಶಬ್ದ ಕಲಿಸ್ತಾರೆ ಅಂತ. ಮೊದಲೇ ನೀವು ನೋಟ್ಸಿಗೆ ಬರೆಸಿದ ಈ ನಿರೀಕ್ಷಣೆಯನ್ನೇ ಉದಾಹರಣೆ ಕೊಟ್ಟದ್ದಂತೆ. ಸೋಮವಾರ ಆಫೀಸಿನಿಂದ ವೆಂಕಟಲಕ್ಷ್ಮಿ ಮೇಡಂ ನಿಮ್ಮ ಕ್ಲಾಸು ನೋಡ್ಲಿಕ್ಕೆ ಬರ್ತಾರೆ."

ಸರಕಾರಿ ಕೆಲಸಕ್ಕಾಗಿ ಪಿ.ಎಸ್.ಸಿ. ಲಿಸ್ಟುಗಳಲ್ಲಿ ಹೆಸರು ಹುಡುಕುತ್ತ, ಟ್ಯುಟೋರಿಯಲ್ಲುಗಳಲ್ಲಿ ಗಂಟಲು ಹರಿದುಕೊಳ್ಳುತ್ತ ಪ್ರವೀತನ ತಲೆಗೂದಲು ನೆರೆಯತೊಡಗಿತ್ತು. ಇನ್ನೊಂದು ಪರೀಕ್ಷೆ ಬರೆಯಲು ವಯಸ್ಸೂ ಮೀರಿತ್ತು. ಇದೊಂದು ಹೋದರೆ ಇನ್ನು ಜನ್ಮದಲ್ಲಿ ಶಾಲೆಯ ಹೊಸ್ತಿಲು ತುಳಿಯುವಂತಿಲ್ಲ.

"ಅಲ್ಲ, ನಿಮಗೆ ಈ ಸೈನ್ಸ್ ಮಾಷಿನ ಕೆಲಸವೇ ಆಗಬೇಕೂಂತ ಯಾಕೆ?" ಎಂದು ಕೇಳಿದರು ಟೀಚರ್. "ನಾನಾದ್ರೆ ಮದುವೆ ತಡ ಆಯ್ತು ಅಂತ ಟಿ.ಟಿ.ಸಿ.ಗೆ ಸೇರಿದ್ದು."

"ಲಿಸ್ಟಿನಲ್ಲಿ ಹೆಸರು ಬಂತು," ಎಂದ ಪ್ರವೀತ್. ಕೇಳಿದವರಿಗೆಲ್ಲ ಅವನು ಕೊಡುತ್ತಿದ್ದ ಉತ್ತರ ಅದು.

ನಿಜ ಬೇರೆಯೇ ಇತ್ತು. ಅವನು ಚಿಕ್ಕವನಿದ್ದಾಗ ಅವರ ಮನೆಯ ನಡುಕೋಣೆಯ ಬಾಗಿಲಲ್ಲಿ ಹುಳ ಕೊರೆದ ತೂತೊಂದಿತ್ತು. ಮಧ್ಯಾಹ್ನ ಜ್ವರದಲ್ಲಿ ಮಲಗಿದರೆ ಗೋಡೆಯ ಮೇಲೆ ಜನ ಕಾಲು ಮೇಲಾಗಿ ನಡೆದುಹೋಗುತ್ತಿದ್ದರು. ಸತ್ತವರು ಹಾಗೆ ನಡೆಯುತ್ತಾರೆಂದು ಅಜ್ಜಿ ಹೇಳಿದ್ದಳು. ಹುಡುಗ ಹಗಲಲ್ಲೇ ಚಡ್ಡಿ ಒದ್ದೆ ಮಾಡಿಕೊಳ್ಳುವಷ್ಟು ಹೆದರುತ್ತಿದ್ದ. ಏಳನೇ ಕ್ಲಾಸಿನಲ್ಲಿ ಸೈನ್ಸ್ ಮಾಷ್ ಬೋರ್ಡಿನ ಮೇಲೆ ಎರಡು ಗೆರೆ ಎಳೆದು, ಬೆಳಕು ನೇರವಾಗಿ ಹೋಗುತ್ತದೆ, ಅದಕ್ಕೇ ಮೇಲಿನದು ಕೆಳಗೆ, ಕೆಳಗಿನದು ಮೇಲೆ, ಎಂದರು. ಅಷ್ಟೇ. ಅವತ್ತು ಸಂಜೆ ಅವನು ನಡುಕೋಣೆಯಲ್ಲಿ ಒಬ್ಬನೇ ಮಲಗಿ, ಗೋಡೆಯ ಮೇಲೆ ಹೋಗುವವರನ್ನೆಲ್ಲ ಹೆಸರು ಹಿಡಿದು ಗುರುತಿಸಿದ. ಒಂದೇ ಒಂದು ವಾಕ್ಯದಲ್ಲಿ ಹೆದರಿಕೆ ಹೋಗುವುದಾದರೆ ಅಂಥ ವಾಕ್ಯಗಳನ್ನು ಹೇಳುವ ಕೆಲಸವೇ ತನಗೆ ಬೇಕು ಎಂದುಕೊಂಡಿದ್ದ. ಇದನ್ನು ಯಾರ ಹತ್ತಿರ ಹೇಳುವುದು, ಹೇಳಿದರೆ ನಗುತ್ತಾರೆ.

* * *

ಮಕ್ಕಳು ಕತ್ತಲೆ ಕ್ಲಾಸು ಬೇಕೆಂದು ಹಟ ಹಿಡಿದರು. ಆ ವಾರವಿಡೀ ಅವನು ಮಾಡಿದ. ತಪ್ಪು ಶಬ್ದವನ್ನು ಅಳಿಸಲು ಪ್ರತಿದಿನವೂ ಡಸ್ಟರ್ ಎತ್ತಿಕೊಳ್ಳುತ್ತಿದ್ದ, ತೃಷಾಳ ಮುಖ ನೋಡಿ ಕೆಳಗಿಡುತ್ತಿದ್ದ. ಪ್ರತಿದಿನವೂ ಆ ಮನುಷ್ಯ ಬಂದು ಗೇಟಿನಲ್ಲಿ ನಿಲ್ಲುತ್ತಿದ್ದ. ಮಕ್ಕಳು ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಇಷ್ಟವಾದದ್ದನ್ನು ದೊಡ್ಡವರ ಕಿವಿಗೆ ಹಾಕಬಾರದೆಂದು ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

ಶನಿವಾರ ಅವನು ತೃಷಾಳ ಮನೆಗೆ ಹೋದ. ಅಂಗಳದಲ್ಲಿ ಅಜ್ಜಿ ಅಮ್ಮು ತೆಂಗಿನ ಕಡ್ಡಿಯ ಹಿಡಿಸೂಡಿ ಕಟ್ಟುತ್ತ ಕೂತಿದ್ದಳು. "ಬಲೆ, ಕುಳ್ಳುಲೆ," ಎಂದು ಸ್ಟೂಲು ತೋರಿಸಿದಳು. ಬನ್ನಿ, ಕೂತುಕೊಳ್ಳಿ ಎಂಬ ಈ ಎರಡು ಮಾತು ಬಿಟ್ಟರೆ ಪ್ರವೀತನಿಗೆ ತುಳು ತಿಳಿಯದು. ಅದನ್ನು ಕಂಡು ಅವಳು ಕನ್ನಡಕ್ಕೆ ತಿರುಗಿದಳು.

"ನೀವು ಇವಳಿಗೆ ಎಂತ ಮದ್ದು ಕೊಟ್ಟದ್ದು ಮಾಷೆ?"

"ಮದ್ದು? ನಾನು ಎಂತ ಕೊಡಲಿಲ್ಲ."

"ಎರಡು ವರ್ಷದಿಂದ ಬೊಬ್ಬೆ ಹಾಕಿ ಏಳ್ತಿದ್ದಳು. ಈ ವಾರ ಒಂದು ದಿವಸ ಇಲ್ಲ." ಮುದುಕಿ ಕಡ್ಡಿಗಳನ್ನು ಮೊಣಕಾಲಿಗೆ ಕುಟ್ಟಿ ಸಮ ಮಾಡಿದಳು. "ಜಯಂತ ಕೋರೆಯ ಅಂಚಿನಿಂದ ಬಿದ್ದದ್ದು. ತಲೆ ಅಡಿಯಾಗಿ. ಎರಡು ಕಲ್ಲಿನ ಎಡೆಯಲ್ಲಿ ಸಿಕ್ಕಿ ಹಾಗೆಯೇ ಇದ್ದ, ಕಾಲು ಮೇಲೆ. ಜನ ಬಂದು ತೆಗೆಯುವಷ್ಟರಲ್ಲಿ ಇವಳು ಶಾಲೆಯಿಂದ ಬರುವವಳು ನೋಡಿಬಿಟ್ಟಳು. ಆಮೇಲೆ ಕನಸಿನಲ್ಲಿ ಬಂದರೂ ಹಾಗೆಯೇ ಬರುದಂತೆ, ತಲೆ ಅಡಿ ಮಾಡಿಕೊಂಡು. ಈಗ ಕೇಳಿದರೆ, ಇಲ್ಲ ಅಜ್ಜಿ, ಅಪ್ಪ ಸರಿಯಾಗಿದ್ದಾರೆ ಅಂತ ಹೇಳ್ತಾಳೆ."

ಮಾಷ್ ಕುಡಿಯಲು ಕೊಟ್ಟ ಚಾ ಅರ್ಧಕ್ಕೇ ಬಿಟ್ಟು ಎದ್ದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಮುಂದಿನ ಸೀಟಿನ ಬೆನ್ನಿನ ಧೂಳಿನ ಮೇಲೆ ಬೆರಳಲ್ಲಿ ಗೆರೆ ಎಳೆದ. ಸಾವಿರ ಸಲ ಎಳೆದ ಚಿತ್ರವೇ. ಹೊರಗೆ ತಲೆ ಮೇಲಾಗಿ ನಿಂತವನು ಗೋಡೆಯ ಮೇಲೆ ತಲೆಕೆಳಗಾಗುತ್ತಾನೆ. ಹಾಗಾದರೆ ಗೋಡೆಯ ಮೇಲೆ ನೆಟ್ಟಗೆ ನಿಲ್ಲಬೇಕಾದವನು ಹೊರಗೆ ಹೇಗಿರಬೇಕು? ಬೆರಳು ಧೂಳಿನಲ್ಲಿ ನಿಂತೇಬಿಟ್ಟಿತು. ಗೇಟಿನವರೆಗೆ ಜಯಂತ ಹೇಗೆ ಬರುತ್ತಾನೆಂಬುದು, ತಲೆ ರಸ್ತೆಗೆ ತಾಗಿಸಿಕೊಂಡು, ಕಾಲು ಆಕಾಶಕ್ಕೆ ಮಾಡಿಕೊಂಡು, ಎಲ್ಲವೂ ಕಣ್ಣಿಗೆ ಕಟ್ಟಿತು. ಬೆಳಕು ನೇರವಾಗಿಯೇ ಹೋಗುತ್ತಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಚಿಕ್ಕಂದಿನಲ್ಲಿ ಹೆದರಿಕೆ ಕಳೆದ ವಾಕ್ಯವೇ ಅದನ್ನು ಬಡ್ಡಿ ಸಮೇತ ತಂದುಕೊಟ್ಟಿತ್ತು. ಅವನು ಧೂಳಿನ ಗೆರೆಗಳನ್ನು ಅಂಗೈಯಿಂದ ಒರೆಸಿಹಾಕಿದ.

ಆ ಕತ್ತಲೆ ಕೋಣೆಯೊಂದರಲ್ಲೇ ಜಯಂತ ಮಗಳೆದುರು ತಲೆ ಎತ್ತಿ ನಿಲ್ಲುವುದು ಎಂದು ಅವನಿಗೆ ಆಗಲೇ ಹೊಳೆದದ್ದು.

* * *

ಸೋಮವಾರ ವೆಂಕಟಲಕ್ಷ್ಮಿ ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಬಿಳಿ ಅಂಗಿಯ ಪೊಕ್ಕರ್, ಕೈ ಕಟ್ಟಿಕೊಂಡು. ಮಾಷ್ ಬೋರ್ಡಿನ ಮೇಲೆ ದುಂಡಗೆ ಬರೆದ: ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ. ಮೂರನೆಯ ಶಬ್ದ ಬರೆಯುವಾಗ ಅವನು ಹಿಂದೆ ತಿರುಗಲಿಲ್ಲ. ತಿರುಗಿದ್ದರೆ ತೃಷಾಳನ್ನು ನೋಡಬೇಕಾಗುತ್ತಿತ್ತು.

ಕಿಟಕಿ ಮುಚ್ಚಿದ. ಗೋಡೆಯ ಮೇಲೆ ರಸ್ತೆ ಬಂತು, ಮರ ಬಂತು.

"ವೀಕ್ಷಣೆ ಹೇಳಿ. ಕಣ್ಣಿಗೆ ಕಂಡದ್ದು ಮಾತ್ರ ಹೇಳಿ." ದೇವಕಿ ಟೀಚರ್ ಬಾಯಿಪಾಠ ಮಾಡಿಸಿದ ವಾಕ್ಯ ಅದು.

ಒಬ್ಬೊಬ್ಬರೇ ಹೇಳಿದರು. ಬೈಕು, ದನ, ತಲೆಕೆಳಗಾದ ಮರ. ಸರದಿ ತೃಷಾಳದಾಯಿತು. ಅವಳು ಬಹಳ ಹೊತ್ತು ಗೋಡೆ ನೋಡಿದಳು.

"ಗೇಟು," ಎಂದಳು. ಮತ್ತೆ, "ಗೇಟಿನ ಹತ್ರ ಯಾರೂ ಇಲ್ಲ."

"ವೆರಿ ಗುಡ್," ಎಂದರು ಮೇಡಂ ಕತ್ತಲೆಯಲ್ಲಿ. "ಇಲ್ಲದ್ದನ್ನೂ ಗಮನಿಸಿದೆ ನೋಡು."

ಕ್ಲಾಸು ಮುಗಿದು ಹೊರಬಂದಾಗ ಪೊಕ್ಕರ್ ಅವನ ಹೆಗಲು ತಟ್ಟಿದರು. "ಕನ್ನಡ ಅಡ್ಡಿ ಇಲ್ಲ ಮಾಷೆ. ನಮಗೆ ನಿಮ್ಮ ಮೇಲೆ ದ್ವೇಷ ಎಂತ ಇಲ್ಲ. ಮಕ್ಕಳ ಭಾಷೆ ಹಾಳಾಗಬಾರದು, ಅಷ್ಟೇ."

"ಊಟ ಮಾಡಿ ಬರ್ತೇನೆ," ಎಂದರು ಮೇಡಂ. "ಬೋರ್ಡಿನದ್ದೊಂದು ಫೋಟೋ ತೆಗೆದರೆ ನನ್ನ ರಿಪೋರ್ಟು ಮುಗೀತು. ಒರೆಸಬೇಡಿ ಆಯ್ತಾ."

ಬದುಕಿದೆಯಾ ಬಡಜೀವವೇ ಎಂದು ಪ್ರವೀತ್ ಉಸಿರು ಬಿಟ್ಟ. ಚೆರುವತ್ತೂರಿನ ಅಮ್ಮನಿಗೆ ಫೋನ್ ಮಾಡೋಣವೆಂದು ಜೇಬಿಗೆ ಕೈ ಹಾಕಿದ. ಆಗ ಕ್ಲಾಸಿನೊಳಗೆ ಬೆಂಚು ಕರಕರ ಎಂದಿತು.

ತೃಷಾ ಊಟಕ್ಕೆ ಹೋಗಿರಲಿಲ್ಲ. ಕತ್ತಲೆಯಲ್ಲಿ ಅದೇ ಜಾಗದಲ್ಲಿ ಕೂತಿದ್ದಳು.

"ಅನ್ನ ಬೇಡವಾ?"

"ಮಾಷೆ, ಇನ್ನು ಆ ಶಬ್ದ ಬರೆಯುದಿಲ್ವಾ?"

"ಅದು ತಪ್ಪು ಮೋಳೆ."

"ಗೊತ್ತುಂಟು. ಸುಹೈಬ್ ಹೇಳಿದ. ನಿಮ್ಮನ್ನು ಕಳಿಸ್ತಾರೆ ಅಂತಲೂ ಹೇಳಿದ. ಅದಕ್ಕೇ ನಾನು ಕಾಯ್ಲಿಲ್ಲ." ಅವಳು ಬೆರಳಿನಿಂದ ಡೆಸ್ಕಿನ ಗೀಚು ತಿಕ್ಕಿದಳು. "ನಿನ್ನೆ ಆಯಿತವಾರ. ಶಾಲೆ ಇಲ್ಲ. ಕನಸಿನಲ್ಲಿ ಅಪ್ಪ ಪುನಃ ಹಾಗೆಯೇ ಬಂದರು."

ಈ ಹುಡುಗಿಗೆ ಹೇಳಲು ಪ್ರವೀತನ ಹತ್ತಿರ ಬೆಳಕು ನೇರವಾಗಿ ಹೋಗುತ್ತದೆ ಎಂಬ ಒಂದೇ ವಾಕ್ಯವಿತ್ತು, ಜೀವಮಾನವಿಡೀ ಅದನ್ನು ಹೇಳಲೆಂದೇ ಕಾದು ಈ ಕೆಲಸಕ್ಕೆ ಬಂದವನು. ಇವತ್ತು ಅದನ್ನು ಹೇಳುವ ಹಾಗಿರಲಿಲ್ಲ. ಹೇಳಿದರೆ ಇವಳು ಜಾಣೆ, ಎರಡು ಗೆರೆ ಎಳೆದು ನೋಡಿಯಾಳು.

ಅವನು ಡಸ್ಟರ್ ತೆಗೆದುಕೊಂಡು ವೀಕ್ಷಣೆಯನ್ನು ಒರೆಸಿದ. ಅದೇ ಜಾಗದಲ್ಲಿ ನಿರೀಕ್ಷಣೆ ಎಂದು ಬರೆದ. ಕತ್ತಲೆಯಲ್ಲಿ ಕ್ಷ ಸ್ವಲ್ಪ ಸೊಟ್ಟಗಾಯಿತು. ಗೋಡೆಯ ಕಡೆ ನೋಡದೆ ಹೊರಗೆ ಬಂದು, ಬಾಗಿಲೆಳೆದು, ಸಂದಿಗೆ ಗೋಣಿ ಒತ್ತಿದ.

ಜಗಲಿಯ ಆ ತುದಿಯಿಂದ ಮೇಡಂ ಕೈ ಒರೆಸಿಕೊಳ್ಳುತ್ತ ಬಂದರು. ಮೊಬೈಲ್ ಆಗಲೇ ಕೈಯಲ್ಲಿತ್ತು. "ಮುಚ್ಚಿದ್ದೀರಾ? ಒಂದು ಫೋಟೋ, ಒಂದೇ ನಿಮಿಷ."

ಪ್ರವೀತ್ ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತುಬಿಟ್ಟ.

"ಸ್ವಲ್ಪ ಕಾಯಿರಿ ಮೇಡಂ," ಎಂದ.

ಅವರು ಹುಬ್ಬು ಗಂಟು ಹಾಕಿ ಅವನನ್ನೂ ಬಾಗಿಲನ್ನೂ ನೋಡಿದರು. ಒಳಗೆ ಹುಡುಗಿ ಯಾರ ಹತ್ತಿರವೋ ತುಳುವಿನಲ್ಲಿ ಮಾತಾಡುತ್ತಿದ್ದಳು. ನಡುನಡುವೆ ನಿಲ್ಲಿಸುತ್ತಿದ್ದಳು, ಎದುರಿನವರ ಉತ್ತರ ಕೇಳಿಸಿಕೊಳ್ಳುವ ಹಾಗೆ. ಗೇಟಿನ ಕಡೆ ಕಣ್ಣು ಹೋಗದಂತೆ ಪ್ರವೀತ್ ತನ್ನ ಚಪ್ಪಲಿಯನ್ನೇ ನೋಡುತ್ತ ಕೂತ. ಅವನಿಗೆ ಅದರಲ್ಲಿ ಒಂದು ಶಬ್ದ ಮಾತ್ರ ಅರ್ಥವಾಯಿತು, ಅವಳ ಅಜ್ಜಿ ಸ್ಟೂಲು ತೋರಿಸಿ ಹೇಳಿದ್ದ ಶಬ್ದ.

"ಕುಳ್ಳುಲೆ," ಎನ್ನುತ್ತಿದ್ದಳು ತೃಷಾ. ಬೆಂಚು ಮೆಲ್ಲಗೆ ಜರುಗಿತು.