ಒದ್ದೆ ಮಣ್ಣು

ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆಯ ಧೂಳು ಒರೆಸುತ್ತ ಬಂದವಳ ಕೈಗೆ ಒಂದು ಎಲೆ ತೊಟ್ಟು ಸಮೇತ ಕಳಚಿಕೊಂಡು ಬಂತು. ಹಸಿರಿನ ಮೇಲೆ ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಮಚ್ಚೆಯಿದ್ದ ಮನಿ ಪ್ಲಾಂಟ್ ಅದು. ಸಾಯುವ ಮುಂಚಿನ ಬೇಸಿಗೆಯಲ್ಲಿ ಗಂಡ ಯಾರದೋ ಮನೆಯಿಂದ ಒಂದು ತುಂಡು ತಂದು ಊರಿದ್ದ. ಈಗ ಎದೆಯೆತ್ತರದ ಕಪಾಟಿನ ಮೇಲಿನ ಕುಂಡದಿಂದ ಇಳಿದು ಅವನ ಕುರ್ಚಿಯ ಬೆನ್ನು ಮುಟ್ಟಿತ್ತು. ಅವನ ಅಂಗಿ, ಚಪ್ಪಲಿ ಎಲ್ಲವನ್ನೂ ಅತ್ತೆ ತಿಂಗಳು ತುಂಬುವ ಮೊದಲೇ ಕಂಡಕಂಡವರಿಗೆ ಕೊಟ್ಟು ಕೈತೊಳೆದುಕೊಂಡಿದ್ದರು. ಉಳಿದದ್ದು ಇದೊಂದೇ.

"ಸ್ನಾನ ಮುಗೀತಾ ಅದಕ್ಕೆ?" ನಡುಮನೆಯಿಂದ ಅತ್ತೆಯ ದನಿ. "ಇಷ್ಟು ಸೇವೆ ನನ್ನ ಮೊಣಕಾಲಿಗೆ ಮಾಡಿದ್ರೆ ಎದ್ದು ಓಡ್ತಿದ್ದೆ."

"ಇನ್ನೊಂದು ಚೂರಿದೆ, ಅತ್ತೆ."

"ತಗೊಂಡೋಗಿ ಹೊರಗೆ ಬಿಸಾಕು. ಹೋದೋನೇ ಹೋದ, ಅವನ ಸೊಪ್ಪು ಕಟ್ಕೊಂಡು ಏನಾಗ್ಬೇಕು?"

ಅವಳು ಬಳ್ಳಿ ಎತ್ತಿ ಬುಡ ನೋಡಿದಳು. ಕಪ್ಪಾಗಿತ್ತು. ಬೆರಳಿಟ್ಟರೆ ಕೊಳೆತ ಬಾಳೆಹಣ್ಣಿನ ಹಾಗೆ ಒಳಗಿಳಿಯಿತು. ಮಣ್ಣು ಕೆಸರಾಗಿ ನಾರುತ್ತಿತ್ತು. ಪ್ರತಿ ಸೋಮವಾರ ಕನ್ನಡಕದಂಗಡಿಯ ಕೆಲಸಕ್ಕೆ ಹೊರಡುವ ಮುಂಚೆ ಒಂದೇ ಒಂದು ಲೋಟ ನೀರು. ಅವನು ಹೇಳಿಕೊಟ್ಟದ್ದನ್ನು ಮೀರಿ ಅವಳು ಒಂದು ಹನಿ ಹಾಕಿದವಳಲ್ಲ. ಗೆಣ್ಣುಗೆಣ್ಣಿಗೂ ಉಗುರಿನಿಂದ ಗೀರಿ ನೋಡಿದಳು. ಎಲ್ಲಾದರೂ ಹಸಿರು ಸಿಕ್ಕಿದ್ದರೆ ಕತ್ತರಿಸಿ ನೀರಲ್ಲಿಟ್ಟು ಬೇರು ಬಿಡಿಸಬಹುದಿತ್ತು. ತುದಿಯವರೆಗೂ ಕಂದು. ಎಲೆಗಳಿಗೆ ಮಾತ್ರ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಕೈ ತೊಳೆಯಲು ಬಚ್ಚಲಿಗೆ ಹೋದವಳು ಅಲ್ಲೇ ಸ್ವಲ್ಪ ಹೊತ್ತು ನಿಂತಳು. ನಲ್ಲಿ ಸುರಿಯುತ್ತಲೇ ಇತ್ತು. ಅಳು ಬರಲಿಲ್ಲ; ಅದೂ ಬತ್ತಿಹೋಗಿತ್ತೇನೋ.

ವಾಪಸು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ತಮ್ಮ ಕುಡಿಯುವ ನೀರಿನ ಲೋಟ ಹಿಡಿದು ಅತ್ತೆ ಕುಂಡದ ಮುಂದೆ ನಿಂತಿದ್ದರು. ಅವಳಿಗೆ ಬೆನ್ನು.

"ಕುಡಿಯೋ ಮರಿ," ಎನ್ನುತ್ತಿದ್ದರು, ಕುರ್ಚಿಯಲ್ಲಿ ಯಾರೋ ಮಲಗಿದ್ದಾರೇನೋ ಅನ್ನುವಷ್ಟು ಮೆಲ್ಲಗೆ. "ದಿನಾ ನಾನಿಲ್ದೆ ಹೋಗಿದ್ರೆ ಆಗಿತ್ತು ನಿನ್ನ ಕತೆ. ಅವಳ ಕೈಯಲ್ಲಿ ನೀರೇ ಬರಲ್ಲ."

ನೀವೇ ಕೊಂದ್ರಿ ಎಂಬ ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಅತ್ತೆ ನೀರು ಹುಯ್ದು ಮುಗಿಸಿ, ನೆಲಕ್ಕೆ ತುಳುಕಿದ್ದನ್ನು ಸೊಸೆಗೆ ಗೊತ್ತಾಗದಿರಲೆಂದು ಕಾಲಿನಿಂದ ಒರೆಸತೊಡಗಿದರು, ಬಗ್ಗಲಾಗದ ಆ ಮೊಣಕಾಲಲ್ಲೇ.

ಅವಳು ಸದ್ದಾಗದಂತೆ ಹಿಂದೆ ಸರಿದಳು. ಇನ್ನು ಸೋಮವಾರದ ನೀರು ಬೇಡ. ಎಲೆ ಇರುವಷ್ಟು ದಿನ ಅವರೇ ಹಾಕಿಕೊಳ್ಳಲಿ. ಎಲ್ಲ ಉದುರಿ, ಯಾಕೆ ಹೀಗಾಯ್ತು ಎಂದು ಅವರು ಕೇಳಿದ ದಿನ, ನೀರು ಹಾಕೋದು ಮರೆತೆ ಎಂದುಬಿಡುವುದು. ಆಮೇಲೆ ಜೀವ ಇರುವವರೆಗೂ ಬೈಸಿಕೊಳ್ಳುವುದು.