ಟವರ್ ನಿಲ್ಲಿಸಿದವನು

ನಮ್ಮ ಸಾನ್ ಬಾರ್ತೊಲೊ ಊರಿನ ಸುವಾರ್ತಾ ರೇಡಿಯೊದ ಮೂವತ್ತನೇ ವರ್ಷದ ಹಬ್ಬದಂದು ಅದರ ಚರಿತ್ರೆಯನ್ನು ಓದುವ ಸರದಿ ನನ್ನದು. ರೇಡಿಯೊದ ಟವರ್ ನಿಲ್ಲಿಸುವಾಗ ಮೇಲಿಂದ ಬಿದ್ದು ಕಾಲು ಮುರಿದುಕೊಂಡ ಅಬುಂದಿಯೊನ ಹೆಸರು ಅದರಲ್ಲಿ ಬರುವುದು ಪಾಸ್ಟರಿಗೆ ಬೇಡವಾಗಿತ್ತು.

"ಕುಡುಕನ ಹೆಸರು ಯಾಕಮ್ಮ? ದೇವ್ರೇ ನಿಲ್ಲಿಸ್ದ ಅನ್ನು, ಸಾಕು."

ಹಾಗೆಯೇ ಓದಿದೆ. ಸಾಲದ್ದಕ್ಕೆ ದನಿಯಲ್ಲಿ ಭಕ್ತಿಯನ್ನೂ ಬೆರೆಸಿದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ!

ಹೊರಗೆ ಬಂದರೆ, ಅಂಗಳದ ಧ್ವನಿವರ್ಧಕದ ಕೆಳಗೆ ಅಬುಂದಿಯೊ ಊರುಗೋಲು ಒರಗಿಸಿಟ್ಟು ಹಬ್ಬಕ್ಕೆ ಮಾಡಿದ ಜೋಳದ ಹಿಟ್ಟಿನ ಕಡುಬು, ತಮಾಲೆ, ತಿನ್ನುತ್ತ ಕೂತಿದ್ದ. ನಾನು ತಲೆ ತಗ್ಗಿಸಿ ಜಾರಿಕೊಳ್ಳಲು ನೋಡಿದೆ.

"ಚೆನ್ನಾಗಿ ಓದ್ದೆ ಕಣಮ್ಮ ಓತಿಲಿಯಾ," ಎಂದು ಅವನೇ ಕರೆದು, ಬೆಂಚಿನಲ್ಲಿ ನನಗೂ ಜಾಗ ಬಿಟ್ಟ. "ಒಂದು ಕೇಳ್ಲಾ? ಟವರ್ ನಿಲ್ಸಿದ್ದು ದೇವ್ರು ಅಂದ್ಯಲ್ಲ, ಹಾಗಾದ್ರೆ ಈಗ ಅವ್ನೂ ನನ್ನಂಗೆ ಕುಂಟ್ತಾನಾ?"