ಮೆರವಣಿಗೆಯಲ್ಲಿ ಪಳಗಿದ ಕ್ಲಚ್ಚು

ಬಾಲಾನಗರದ ಸರಕಾರಿ ಕಾರ್ಖಾನೆಯಲ್ಲಿ ವಿಮಾನದ ಉಪಕರಣಗಳ ತಪಾಸಣೆ ಮಾಡುತ್ತಿದ್ದ ಚನ್ನಬಸಪ್ಪನವರು ನಿವೃತ್ತರಾಗುವವರೆಗೂ ಒಂದೇ ಒಂದು ತಪ್ಪೂ ಮಾಡಿದವರಲ್ಲ. ಹಾಗಂತ ಅವರೇ ಹೇಳುತ್ತಿದ್ದರು. ಹಾಲು ಉಕ್ಕಿದರೆ ಒಲೆಯ ತಪ್ಪು, ಬಸ್ಸು ತಪ್ಪಿದರೆ ಡ್ರೈವರನದು, ಮದುವೆಯಲ್ಲಿ ಕೊಟ್ಟ ಗಡಿಯಾರ ನಿಂತರೆ ಮಾವನವರದು. ಬೇರೆಯವರ ಕೆಲಸದಲ್ಲಿ ಕುಂದು ಹುಡುಕಿ ಸಂಬಳ ಉಂಡ ಮನುಷ್ಯನಿಗೆ ತನ್ನ ಕಡೆ ತಿರುಗಿ ನೋಡಲು ಪುರುಸೊತ್ತಾದರೂ ಎಲ್ಲಿರಬೇಕು, ಪಾಪ!

ಇಂಥವರು ನಿವೃತ್ತಿಯಾದ ಮೇಲೆ ಹಳೆಯದೊಂದು ಕೆಂಪು ಸ್ಪೋರ್ಟ್ಸ್ ಕಾರು ಕೊಂಡರು. ಎರಡೇ ಸೀಟು, ಮಡಚುವ ಚಾವಣಿ. ಜೀವನವಿಡೀ ಕಾರ್ಖಾನೆಯ ಬಸ್ಸಿನ ಕಿಟಕಿಯಿಂದ ಇಂಥ ಕಾರು ನೋಡಿ ಆಸೆಪಟ್ಟವರು ಅವರು. ಮಲ್ಕಾಜ್‌ಗಿರಿಯ ಗಲ್ಲಿಗೆ ಅದು ಬಂದು ತಿಂಗಳಾಗುವಷ್ಟರಲ್ಲಿ ಕ್ಲಚ್ಚು ಹೋಯಿತು. ಹೆಂಡತಿ ಕಮಲಾಕ್ಷಿ ಸೊಂಟದ ಮೇಲೆ ಕೈಯಿಟ್ಟು ಕರಾರು ಹಾಕಿದರು.

“ಹೊಸಾ ಕ್ಲಚ್ ಹಾಕ್ಸರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಬೀದರಕ್ಕ ನಮ್ಮ ತಂಗಿ ಭಾಗ್ಯಾನ ಮನಿಗಿ ಇದರಾಗs ಕರ್ಕೊಂಡು ಹೋಗ್ಬೇಕು. ದಾರ್ಯಾಗ ಕೆಟ್ಟು ನಿಂತ್ರ ಮಾರಿಬಿಡ್ಬೇಕು. ಒಪ್ಪಿದ್ರೀ?”

ಒಪ್ಪದೆ ಏನು ಮಾಡುತ್ತಾರೆ? ಒಪ್ಪಿದರು. ಆದರೆ ಮಾರುವ ಮಾತು ಕೇಳಿದ್ದೇ ಎದ್ದು ಹೋಗಿ ಕಾರಿನ ಬಾನೆಟ್ ಒರೆಸತೊಡಗಿದರು.

ಆ ಹಳೆಯ ಕಾರಿಗೆ ಕಂಪನಿಯ ಕ್ಲಚ್ಚು ಎಲ್ಲಿಯೂ ಸಿಗಲಿಲ್ಲ. ಬೇರೆಯವರು ತಯಾರಿಸಿದ, ಅಸಲಿಗಿಂತ ಗಟ್ಟಿ ಎಂದು ಹೆಸರಾದ ಕ್ಲಚ್ಚನ್ನು ತರಿಸಿದರು. ಬಾಲಾನಗರದ ಮೆಕ್ಯಾನಿಕ್ ಸಾಬಣ್ಣ ಅದನ್ನು ಕೂರಿಸಿ, ಕೈ ಒರೆಸಿಕೊಳ್ಳುತ್ತ ಹೇಳಿದ: “ಸಾಹೇಬ್ರ, ಪ್ಲೇಟ್ ಹೊಸಾದೈತಿ, ಪಳಗಾಕ ಟೈಮ್ ಬೇಕು. ಸ್ವಲ್ಪ ದಿನ ಊರಾಗs ನಿಧಾನ ಓಡಸ್ರಿ. ನಿಲ್ಲಸೂದು, ಎತ್ತೂದು. ಜೋರ್ ಎಳೀಬ್ಯಾಡ್ರಿ. ಮತ್ತ ಎಡಗಾಲು…”

“ಗೊತ್ತೈತಪಾ, ಗೊತ್ತೈತಿ! ನಮ್ಮ ಕಾರ್ಖಾನ್ಯಾಗ ಇದಕ್ಕ ಬರ್ನ್-ಇನ್ ಅಂತಾರ. ನೀ ಹುಟ್ಟೂದಕ್ಕ ಮೊದ್ಲಿಂದ ಮಾಡೀನಿ.”

ಅಲ್ಲಿ ಹೊಸ ಉಪಕರಣವನ್ನು ಗಂಟೆಗಟ್ಟಲೆ ಕಾಯಿಸಿ, ತಡೆದುಕೊಂಡರೆ ಮಾತ್ರ ಪಾಸು ಮಾಡುತ್ತಿದ್ದರು. ಮೊದಲ ಸಲ ಕಾದಾಗ ಒಂದು ಬಗೆಯ ವಾಸನೆ ಬರುತ್ತಿತ್ತು. ಬಂದರೆ ಬರಲಿ, ಹೊಸತಲ್ಲವೇ ಎನ್ನುತ್ತಿದ್ದರು.

ಮೊದಲ ವಾರ ಕ್ಲಚ್ಚು ಬೆಣ್ಣೆಯಂತೆ ಕೆಲಸ ಮಾಡಿತು. ಅಷ್ಟರಲ್ಲಿ ಪಕ್ಕದ ಮನೆಯ ರೈಲ್ವೆ ಕಾಶಿನಾಥ ಓಡಿಬಂದ. “ಅಣ್ಣಾರ, ಕುದುರಿಯವ ಕೈ ಕೊಟ್ಟಾನ್ರಿ! ನಮ್ಮ ಮಗ ಬಸೂನ ಮದುವಿ ಮೆರವಣಿಗಿ ನಿಮ್ಮ ಗಾಡ್ಯಾಗ ಮಾಡಿಬಿಡೋಣ್ರಿ.”

ಚನ್ನಬಸಪ್ಪನವರ ಕಣ್ಣು ಹೊಳೆಯಿತು. ನಿಧಾನ ಎಂದರೆ ಮದುವೆಯ ಮೆರವಣಿಗೆಗಿಂತ ನಿಧಾನ ಯಾವುದಿದೆ? ನಿಲ್ಲಿಸುವುದು, ಎತ್ತುವುದು ಎಂದರೆ ಇದೇ ಅಲ್ಲವೇ?

ಮುಂದೆ ಬ್ಯಾಂಡು, ಅದರ ಹಿಂದೆ ಕುಣಿಯುವ ಬೀಗರು, ಅವರ ಹಿಂದೆ ಚಾವಣಿ ತೆಗೆದ ಕೆಂಪು ಕಾರು. ಚನ್ನಬಸಪ್ಪನವರು ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದು, ಗಾಡಿಯನ್ನು ಎಳೆಗೂಸಿನಂತೆ ತೆವಳಿಸಿದರು. ಎಡಗಾಲು ಪೆಡಲಿನಿಂದ ಮೇಲೇಳಲೇ ಇಲ್ಲ. ಪಕ್ಕದಲ್ಲಿದ್ದ ಮದುಮಗ ಬಾಸಿಂಗ ಸರಿಸಿ ಮೂಗು ಮುಚ್ಚಿಕೊಂಡ.

“ಕಾಕಾ, ಏನೋ ಸುಡಾಕತ್ತೈತ್ರಿ.”

“ಸುಡಾಕತ್ತಿಲ್ಲೋ ಹುಚ್ಚಪ್ಪ, ಪಾಸ್ ಆಗಾಕತ್ತೈತಿ!”

ಅಲ್ಲಿಂದ ಅವರಿಗೆ ಬಿಡುವೇ ಇಲ್ಲದಾಯಿತು. ಮದುವೆ, ಗಣಪತಿ, ನಿವೃತ್ತನಾದ ರೈಲ್ವೆ ಗಾರ್ಡನ ಬೀಳ್ಕೊಡುಗೆಯ ಹಾರ ತುರಾಯಿ, ಎಲ್ಲಕ್ಕೂ ಅದೇ ಕಾರು. ಪ್ರತಿ ಮೆರವಣಿಗೆ ಮುಗಿದ ಮೇಲೆ ಎಡಗಾಲಿನ ಮೀನಖಂಡ ಹಿಡಿದುಕೊಂಡು ಬಂದು ಹೆಂಡತಿಯಿಂದ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. “ಕ್ಲಚ್ ಭಾಳ ಚಂದ ಪಳಗಾಕತ್ತೈತಿ” ಎನ್ನುತ್ತಿದ್ದರು. ಕಮಲಾಕ್ಷಿ ಇನ್ನಷ್ಟು ಜೋರಾಗಿ ತಿಕ್ಕುತ್ತಿದ್ದರು.

ಕೊನೆಗೊಂದು ಭಾನುವಾರ ಬೀದರಿಗೆ ಹೊರಟರು. ಕಮಲಾಕ್ಷಿ ಇಳಕಲ್ ಸೀರೆ ಉಟ್ಟು, ತಂಗಿಗೆಂದು ಶೇಂಗಾ ಹೋಳಿಗೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತರು. ಬಾಲಾನಗರದ ಫ್ಲೈಓವರಿನ ಏರಿಗೆ ಬಂದಾಗ ಚನ್ನಬಸಪ್ಪನವರು ಮೊದಲ ಸಲ ಜೋರಾಗಿ ಆಕ್ಸಿಲರೇಟರ್ ಒತ್ತಿದರು. ಇಂಜಿನ್ ಹುಲಿಯ ಹಾಗೆ ಗರ್ಜಿಸಿತು. ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಇನ್ನೂ ಒತ್ತಿದರೆ ಇನ್ನೂ ಗರ್ಜನೆ, ಅದೇ ಸುಟ್ಟ ವಾಸನೆ, ಆಮೇಲೆ ಅದೂ ಇಲ್ಲ. ಕಾರು ನಿಂತೇ ಬಿಟ್ಟಿತು.

ಹಿಂದೆ ಹಾರ್ನುಗಳ ಗದ್ದಲವೆದ್ದಿತು. ಬೈಕಿನವನೊಬ್ಬ ಮೆರವಣಿಗೆಯ ಕಾರಿನ ಗುರುತು ಹಿಡಿದು, “ಚಚ್ಚಾ, ಬರಾತ್ ಕಿಧರ್ ರಹ್ ಗಯೀ?” ಎಂದು ನಗುತ್ತ ಹೋದ. ಮೆರವಣಿಗೆ ಎಲ್ಲಿ ಉಳಿಯಿತು ಅಂತೆ, ಹಲ್ಕಟ್!

“ಆ ಸಾಬಣ್ಣನ ಗ್ರಹಚಾರ ಬಿಡಿಸ್ತೀನಿ!” ಎನ್ನುತ್ತ ಚನ್ನಬಸಪ್ಪನವರು ಕೆಳಗಿಳಿದರು. ಆದರೆ ತಪಾಸಣೆ ಮಾಡದೆ ಯಾರನ್ನೂ ಫೇಲು ಮಾಡಿದವರಲ್ಲ ಅವರು. ಬಾನೆಟ್ ಎತ್ತಿದರು. ಕ್ಲಚ್ಚಿನ ಎಣ್ಣೆ ತುಂಬಿಯೇ ಇತ್ತು. ಪೆಡಲನ್ನು ಕೈಯಿಂದ ಒತ್ತಿ ನೋಡಿದರು, ಬಿಗಿಯೂ ಇಲ್ಲ, ಸಡಿಲವೂ ಇಲ್ಲ. ಟಾರಿನ ಮೇಲೆ ಮಲಗಿ ಗೇರ್‌ಬಾಕ್ಸಿನ ಅಡಿಗೆ ನೋಡಿದರು, ಒಂದು ಹನಿ ಎಣ್ಣೆ ಸೋರಿರಲಿಲ್ಲ. ಸಾಬಣ್ಣ ಪಾಸು.

ಹಾಗಾದರೆ ಮಾಲೇ ಕಳಪೆ ಇರಬೇಕು. ಆದರೆ ಮೊದಲ ವಾರ ಬೆಣ್ಣೆಯಂತಿದ್ದದ್ದು? ಅದೂ ಪಾಸು. ಪ್ಲೇಟು ಸುಟ್ಟಿದ್ದಂತೂ ನಿಜ. ಸುಡಬೇಕೆಂದರೆ ಯಾರೋ ಅದನ್ನು ಅರ್ಧ ಒತ್ತಿ ಹಿಡಿದು ತಿಕ್ಕಿರಬೇಕು. ಯಾರು? ಎಡಗಾಲಿನ ಮೀನಖಂಡ ಈಗಲೂ ಸಣ್ಣಗೆ ನೋಯುತ್ತಿತ್ತು. ಚನ್ನಬಸಪ್ಪನವರ ಮುಖ ಬಿಳಿಚಿಕೊಂಡಿತು.

“ಸಿಕ್ಕನೇನ್ರೀ ಕಳ್ಳ?” ಎಂದರು ಕಮಲಾಕ್ಷಿ, ಕೂತಲ್ಲಿಂದಲೇ.

“ಸಿಕ್ಕ.”

“ಯಾರು, ಸಾಬಣ್ಣನs?”

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅಲ್ಲಿ ಕೇಳುವವರು ಯಾರಿದ್ದರು? ಚನ್ನಬಸಪ್ಪನವರು ಕೆಂಪು ಬಾನೆಟ್ಟಿನ ಮೇಲೆ ಕೈಯಾಡಿಸಿದರು. ಕಣ್ಣು ತುಂಬಿಕೊಂಡಿತು. “ಅಲ್ಲ ಕಮಲಾ. ಅರ್ಧ ಒತ್ತಿ ಒತ್ತಿ ನಾನs ಸುಟ್ಟೀನಿ. ತಪ್ಪು ನಂದು. ನಾಳಿ ಮಾರಿಬಿಡೋಣು.”

ಕಮಲಾಕ್ಷಿ ಗಂಡನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಫೋನ್ ತೆಗೆದು ತಂಗಿಗೆ ಹಚ್ಚಿದರು. “ಭಾಗ್ಯಾ, ಗಾಡಿ ಕೆಟ್ಟೈತಿ, ಇವತ್ತ ಬರೂದಾಗಂಗಿಲ್ಲ. ಅದಿರ್ಲಿ, ಕೇಳಿಲ್ಲಿ. ನಮ್ಮ ಮನಿಯವ್ರು ಈಗ ತಪ್ಪು ನಂದು ಅಂದ್ರು… ಹೂಂ, ಖರೇನ! ಬಾಯಿ ಬಿಟ್ಟು ಅಂದ್ರು!” ಆ ಕಡೆಯಿಂದ ಕಿರುಚಿದ್ದು ರಸ್ತೆಯ ಗದ್ದಲದಲ್ಲೂ ಕೇಳಿಸಿತು.

ಫೋನಿಟ್ಟು, ಹೋಳಿಗೆಯ ಡಬ್ಬಿ ಬಿಚ್ಚಿ ಗಂಡನ ಕೈಗೊಂದು ಕೊಟ್ಟರು. “ಮಾರೂದೇನ್ ಬ್ಯಾಡ. ಇನ್ನೊಂದು ಕ್ಲಚ್ ಹಾಕ್ಸರಿ. ನೀವು ಒಪ್ಕೋಬೇಕಾದ ತಪ್ಪು ಇನ್ನಾ ಭಾಳ ಅದಾವ.”